ಬೂದಿಯ ಸಾಣಿಗೆ

‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ಹೊರಗೆ ಶಾಂತನಾಗಿ ತೋರಿ ಒಳಗೆ ಕುದಿಯುತ್ತಿರುವವನನ್ನು ಕುರಿತು ನಾವು ಹಾಗೆ ಹೇಳುವುದುಂಟು. ಕಳೆದ ವರ್ಷ ಜಮಖಂಡಿಯ ನಮ್ಮ ಹೈಸ್ಕೂಲಿನ ಒಂಬತ್ತನೆಯ ಇಯತ್ತೆಗೆ ಪಾಠ ಹೇಳುತ್ತ, ನಮ್ಮ ನೆರೆಯ ಮುಧೋಳದಲ್ಲಿ ಕ್ರಿ. ಶ. 949ರಲ್ಲಿ ಹುಟ್ಟಿದ ರನ್ನಕವಿಯ ದುರ್ಯೋಧನನ ಪ್ರಸಂಗಕ್ಕೆ ಬಂದೆ. ಕೊಳದ ನೀರಿನಲ್ಲಿ ಅಡಗಿದ್ದರೂ ಭೀಮನ ಮಾತು ಕೇಳಿ ಕೋಪದಿಂದ ಬೆವರಿದ ಅರಸನನ್ನು ವರ್ಣಿಸುತ್ತ, “ಈತ ನೀರು ಮುಚ್ಚಿದ ಕೆಂಡ” ಎಂದುಬಿಟ್ಟೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಕೆಂಡದ ಮ್ಯಾಲೆ ಬೂದಿ ಯಾರು ಮುಚ್ಚತಾರ್ರಿ? ಯಾಕ ಮುಚ್ಚತಾರ್ರಿ?” ಎಂದು ಕೇಳಿದಳು. ವರ್ಗದಲ್ಲಿ ಎಷ್ಟು ಜನರ ಮನೆಯಲ್ಲಿ ಕಟ್ಟಿಗೆಯ ಒಲೆ ಉರಿಯುತ್ತದೆಂದು ವಿಚಾರಿಸಿದರೆ ನಾಲ್ಕು ಕೈಗಳು ಮಾತ್ರ ಎದ್ದವು. ಗಾದೆ ಉಳಿದಿತ್ತು, ಗಾದೆಯೊಳಗಿನ ಕೆಂಡ ಆರಿಹೋಗಿತ್ತು.

ಮರುದಿನ ನಮ್ಮ ಮನೆಯ ಅಟ್ಟದಿಂದ ಒಂದು ತುಕ್ಕು ಹಿಡಿದ ತಗಡಿನ ಪೆಟ್ಟಿಗೆಯನ್ನು ಇಳಿಸಿ ಶಾಲೆಗೆ ಒಯ್ದೆ. ಅದು ಬೂದಿಯಿಂದ ಇದ್ದಿಲನ್ನು ಬೇರ್ಪಡಿಸುವ ಪೆಟ್ಟಿಗೆ. ಅದರ ಕಥೆಯನ್ನು ಮಕ್ಕಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ವಾಚಕರ ಮುಂದಿಡುತ್ತೇನೆ. ಅರಸರ ಪಟ್ಟಾಭಿಷೇಕಗಳಿಗೆ ಇರುವಂತೆ ಮನೆವಾರ್ತೆಗೂ ಒಂದು ಚರಿತ್ರೆ ಉಂಟಷ್ಟೆ.

ಮೊದಲು ಮಾತುಗಳನ್ನೇ ನೋಡೋಣ. ಒಂದರಲ್ಲಿ ಬೆರೆತ ಇನ್ನೊಂದನ್ನು ಬೇರೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಎಷ್ಟು ಕ್ರಿಯಾಪದಗಳಿವೆ! ಕಣದಲ್ಲಿ ಗಾಳಿಗೆ ಹಿಡಿದರೆ ತೂರುವುದು. ಮೊರದಲ್ಲಿ ಹಾರಿಸಿದರೆ ಕೇರುವುದು. ಅರಿವೆಯಲ್ಲಿ ಹಾಯಿಸಿದರೆ ಸೋಸುವುದು. ನೀರಿನಲ್ಲಿ ಅಲುಗಿಸಿ ತೆಗೆದರೆ ಜಾಲಿಸುವುದು. ಹೊಳೆಯ ಮರಳನ್ನೂ ಅಕ್ಕಸಾಲಿಗರ ಅಂಗಡಿಯ ಕಸವನ್ನೂ ಜಾಲಿಸಿ ಚಿನ್ನದ ಕಣ ಹುಡುಕುತ್ತಿದ್ದ ಧಾರವಾಡ ಸೀಮೆಯ ಜನರಿಗೆ ಜಾಲಗಾರರೆಂದೇ ಹೆಸರಾಯಿತು. ತೆಂಕಣವರು ಜರಡಿ ಎನ್ನುವುದನ್ನು ನಾವು ಬಡಗಣವರು ಸಾಣಿಗೆ ಎನ್ನುತ್ತೇವೆ, ಹಿಟ್ಟನ್ನು ಸಾಣಿಸುತ್ತೇವೆ. ಬೂದಿಯನ್ನೂ ಸಾಣಿಸುತ್ತಿದ್ದೆವು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ದಟ್ಟ ಅಡವಿಯ ಸೀಮೆಯಲ್ಲ. ಇಲ್ಲಿಯ ಒಲೆಗೆ ಜೋಳದ ಕೊಯ್ಲಿನ ಕೂಳೆ, ಹತ್ತಿಕಟ್ಟಿಗೆ, ಕುಳ್ಳು, ಹೊಲದ ಬದುವಿನ ಜಾಲಿಮರದ ಕೊಂಬೆ, ಇವೇ ಆಹಾರ. ಇವುಗಳಲ್ಲಿ ಜಾಲಿಯ ಕಟ್ಟಿಗೆ ಶ್ರೇಷ್ಠ. ಅದರ ಇದ್ದಿಲು ಗಟ್ಟಿ, ಕೆಂಡ ಬಹಳ ಹೊತ್ತು ಬಾಳುವುದು. ಬೆಳಿಗ್ಗೆ ರೊಟ್ಟಿ ಬೇಯಿಸಿದ ಒಲೆಯಿಂದ ಕೆಂಡ ಎಳೆದು ನೀರು ಚಿಮುಕಿಸಿ ಇದ್ದಿಲು ಮಾಡಿಟ್ಟುಕೊಂಡರೆ, ಮಧ್ಯಾಹ್ನದ ಚಹಾಕ್ಕೆ ಶೇಗಡಿಯಲ್ಲಿ ಅದೇ ಒದಗುತ್ತಿತ್ತು. ತುಸು ಅನುಕೂಲಸ್ಥರ ಮನೆಯಲ್ಲಿ ತಾಮ್ರದ ಬಂಬು ಇರುತ್ತಿತ್ತು. ನಡುವಿನ ಕೊಳವೆಯಲ್ಲಿ ಕಟ್ಟಿಗೆಯ ಚೂರು, ಇದ್ದಿಲು ಹಾಕಿದರೆ ಸುತ್ತಲಿನ ನೀರು ಕಾಯುವುದು, ತಳದ ಜಾಳಿಗೆಯಿಂದ ಬೂದಿ ಕೆಳಗೆ ಬೀಳುವುದು.

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರೋಣ. ಕೆಂಡದ ಮೇಲೆ ಬೂದಿಯನ್ನು ಎರಡು ಕೈಗಳು ಮುಚ್ಚುತ್ತವೆ. ಒಂದು ಕೈ ಅಗ್ನಿಯದೇ. ಇದ್ದಿಲು ಹೊರಮೈಯಿಂದ ಒಳಕ್ಕೆ ಉರಿಯುತ್ತದೆ; ಉರಿದ ಪದರ ಬೂದಿಯಾಗಿ ಮೇಲೆಯೇ ನಿಲ್ಲುತ್ತದೆ; ಒಳಗಿನ ಇದ್ದಿಲಿಗೆ ಗಾಳಿ ತಲುಪುವುದು ಕಡಿಮೆಯಾಗುತ್ತದೆ; ಶಾಖವೂ ಹೊರಬೀಳದೆ ಕೆಂಡ ಮೆಲ್ಲನೆ ಉಸಿರಾಡುತ್ತಿರುತ್ತದೆ. ಇನ್ನೊಂದು ಕೈ ಮನೆಯ ಹೆಂಗಸಿನದು. ಬೆಂಕಿಪೆಟ್ಟಿಗೆ ದುಬಾರಿಯಾಗಿದ್ದ ಅಥವಾ ಇಲ್ಲದೇ ಇದ್ದ ಕಾಲದಲ್ಲಿ ಆಕೆ ರಾತ್ರಿ ಕೆಂಡವನ್ನು ಬೂದಿಯಲ್ಲಿ ಹುಗಿದಿಟ್ಟು ಮುಂಜಾನೆ ಕೆದಕಿ ಊದಿ ಉರಿ ಎಬ್ಬಿಸುತ್ತಿದ್ದಳು. ತನ್ನ ಒಲೆ ಆರಿದರೆ ನೆರೆಮನೆಗೆ ಹೋಗಿ ಒಂದು ಕೆಂಡ ಕೇಳಿ ತರುತ್ತಿದ್ದಳು. ಗಾದೆ ಹುಟ್ಟಿದ್ದು ಈ ಎಚ್ಚರದಿಂದ.

ಹೀಗೆ ಉಸಿರು ಸಾಲದೆ ಆರಿದ ಕೆಂಡವೇ ಬೂದಿಯಲ್ಲಿ ಉಳಿಯುವ ಇದ್ದಿಲು. ಅದನ್ನು ಎಸೆದರೆ ಉರಿಸಬಹುದಾದ ಉರುವಲನ್ನೇ ಎಸೆದಂತೆ. ಬೂದಿಯೂ ಹಾಗೆ ಬಿಸಾಡುವ ವಸ್ತುವಾಗಿರಲಿಲ್ಲ. ಕಟ್ಟಿಗೆಯ ಬೂದಿಯಲ್ಲಿ ಕ್ಷಾರವುಂಟು. ಎಣ್ಣೆಯ ಜಿಡ್ಡನ್ನು ಅದು ಬಿಡಿಸುತ್ತದೆ. ಆದುದರಿಂದ ಪಾತ್ರೆ ತಿಕ್ಕಲು ಬೇಕು. ಬೀಜದ ಕಾಳಿಗೆ ಹುಳು ಬೀಳದಂತೆ ಬೆರೆಸಿಡಲು ಬೇಕು. ಬದನೆಯ ಗಿಡದ ಎಲೆಗೆ ಉದುರಿಸಲು ಬೇಕು. ನೇಕಾರರ ಊರುಗಳಾದ ರಬಕವಿ-ಬನಹಟ್ಟಿಗಳನ್ನು ಹೆಸರಿಸಿದ ಮೇಲೆ ಬಣ್ಣದ ಮಾತನ್ನು ಬಿಡುವಂತಿಲ್ಲ. ನಮ್ಮ ಎರೆಹೊಲಗಳ ಬೆಳೆಯಾದ ಕುಸುಬಿಯ ಹೂವಿನಿಂದ ಕೆಂಪು ಬಣ್ಣ ತೆಗೆಯಬೇಕಾದರೆ ಕ್ಷಾರದ ನೀರು ಅವಶ್ಯ. ಹಳೆಯ ಬಣ್ಣಗಾರಿಕೆಯಲ್ಲಿ ಬೂದಿಯ ತಿಳಿನೀರು ಆ ಕೆಲಸ ಮಾಡುತ್ತಿತ್ತು. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ತರುಣ ಡಾಂಬರಿನಿಂದ ದೊರೆಯುವ ದ್ರವ್ಯದಿಂದ ಬಣ್ಣ ಮಾಡಿದ ಮೇಲೆ ಆ ವಿದ್ಯೆ ಮೂಲೆಗೆ ಸರಿಯಿತು. ಡಾಂಬರು ಕಲ್ಲಿದ್ದಲಿನ ಕೂಸು; ಬೂದಿಯ ಕೆಲಸವನ್ನು ಕಲ್ಲಿದ್ದಲೇ ಕಸಿದುಕೊಂಡಿತೆಂದರೂ ಸಲ್ಲುವುದು.

ಅಂತೂ ಒಲೆಯ ಬೂದಿಯನ್ನು ಸಾಣಿಸಿದರೆ ಎರಡು ಲಾಭ. ಮೇಲೆ ನಿಂತ ಇದ್ದಿಲು ಶೇಗಡಿಗೆ, ಕೆಳಗೆ ಬಿದ್ದ ನುಣುಪು ಬೂದಿ ಬಚ್ಚಲಿಗೆ. ಇದ್ದಿಲಿನ ಹರಳು ಬೆರೆತ ಬೂದಿಯಿಂದ ಹಿತ್ತಾಳೆಯ ತಂಬಿಗೆ ತಿಕ್ಕಿದರೆ ಗೀರು ಬೀಳುವುದು ಖಂಡಿತ. ನೀರಿನಲ್ಲಿ ಜಾಲಿಸಿದರೆ ಆಗದೇ ಎಂದು ಜಾಣ ವಾಚಕರು ಕೇಳಬಹುದು. ಆಗುತ್ತದೆ, ಕಟ್ಟಿಗೆಯ ಇದ್ದಿಲು ತೇಲುತ್ತದೆ, ಧೂಳು ಏಳುವುದಿಲ್ಲ. ಆದರೆ ಇದ್ದಿಲನ್ನು ಮತ್ತೆ ಬಿಸಿಲಿಗೆ ಒಣಗಿಸಬೇಕು. ಬೂದಿಯ ಕ್ಷಾರವೆಲ್ಲ ನೀರಿನ ಪಾಲು. ಆದುದರಿಂದ ಒಣ ಸಾಣಿಗೆಯೇ ಗತಿ. ಒಣ ಸಾಣಿಗೆ ಎಂದರೆ ಧೂಳು. ನನ್ನ ಆಯಿ ಹಿತ್ತಲಲ್ಲಿ ಕುಳಿತು ಮೊದಲು ಗಾಳಿಯ ದಿಕ್ಕು ನೋಡುತ್ತಿದ್ದಳು. ಬೆನ್ನಿಗೆ ಗಾಳಿ ಮಾಡಿಕೊಂಡು, ಸೆರಗಿನಿಂದ ಮೂಗು ಮುಚ್ಚಿ, ಸಾಣಿಗೆ ಆಡಿಸುತ್ತಿದ್ದಳು. ಹಾಗಿದ್ದರೂ ಕೆಲಸ ಮುಗಿದಾಗ ಆಕೆಯ ಹುಬ್ಬು ಬೆಳ್ಳಗಾಗಿರುತ್ತಿತ್ತು. ಆಮೇಲೆ ಕೆಮ್ಮು. ಆ ಕೆಮ್ಮನ್ನು ಮನೆಯ ಲೆಕ್ಕದಲ್ಲಿ ಯಾರೂ ಬರೆದಿಡಲಿಲ್ಲ.

ಕಲ್ಲಿದ್ದಲು ನಮ್ಮ ಕಡೆಗೆ ಮುಖ ತೋರಿದ್ದು ಉಗಿಬಂಡಿಯೊಡನೆ. 1884ರಲ್ಲಿ ಹೋಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೇಲೆ ಗದಗಿಗೆ ಹಳಿ ಬಿತ್ತು. ಜಮಖಂಡಿ, ಮುಧೋಳಗಳು ಆಗ ಸಂಸ್ಥಾನಗಳು. ಅವುಗಳ ರಾಜಧಾನಿಗಳಿಗೆ ರೈಲು ಬರಲಿಲ್ಲ. ಅತ್ತ ಕುಡಚಿ, ಇತ್ತ ಬಾಗಲಕೋಟೆ, ಇವೇ ನಮ್ಮ ಸ್ಟೇಷನ್ನುಗಳು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಆ ಪ್ರದೇಶ ಕನ್ನಡ ರಾಜ್ಯಕ್ಕೆ ಬಂದಿತು. ನನ್ನ ಬಾಲ್ಯದ ಹೊತ್ತಿಗೆ ಮೋಟಾರ್ ಸ್ಟ್ಯಾಂಡಿನ ಬಳಿಯ ಖಾನಾವಳಿಯೊಂದರಲ್ಲಿ ಕಲ್ಲಿದ್ದಲಿನ ದೊಡ್ಡ ಒಲೆ ಉರಿಯುತ್ತಿತ್ತು. ಕಲ್ಲಿದ್ದಲಿನ ಬೂದಿಯ ಜಾತಿಯೇ ಬೇರೆ. ಕಟ್ಟಿಗೆಯ ಇದ್ದಿಲಿನಲ್ಲಿ ಬೂದಿ ನೂರಕ್ಕೆ ಕೆಲವೇ ಪಾಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬಹುಮಟ್ಟಿಗೆ 30ರಿಂದ 45 ಪಾಲು. ಅದು ಮಣ್ಣಿನ ಅಂಶ. ಪಾತ್ರೆಗೂ ಬೀಜಕ್ಕೂ ಕಟ್ಟಿಗೆಯ ಬೂದಿಯಂತೆ ಒದಗದು. ಹೆಚ್ಚು ಬೂದಿ ಇದ್ದಷ್ಟೂ ಕೆಂಡಕ್ಕೆ ಉಸಿರು ಕಟ್ಟುವುದು ಹೆಚ್ಚು; ಅರೆಬೆಂದ ತುಂಡುಗಳು ಉಳಿಯುವುದೂ ಹೆಚ್ಚು.

ಕಲ್ಲಿದ್ದಲನ್ನೇ ಮನೆಮನೆಯಲ್ಲಿ ಉರಿಸುತ್ತಿದ್ದ ನಾಡಿನವರು ಈ ಬೂದಿಯನ್ನು ಏನು ಮಾಡಿದರು? ಲಂಡನ್ ನಗರದಲ್ಲಿ ಬೂದಿಯನ್ನು ಬಂಡಿಗಳಲ್ಲಿ ಹೇರಿ ಊರಂಚಿನ ಅಂಗಳಗಳಲ್ಲಿ ಗುಡ್ಡೆ ಹಾಕುತ್ತಿದ್ದರು. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ 1851ರಲ್ಲಿ ಪ್ರಕಟಿಸಿದ ಲಂಡನ್ನಿನ ಬಡಜನರ ಕುರಿತ ತನ್ನ ಗ್ರಂಥದಲ್ಲಿ ಆ ಅಂಗಳಗಳನ್ನು ವರ್ಣಿಸಿದ್ದಾನೆ. ತೊಗಲಿನ ಏಪ್ರನ್ ಕಟ್ಟಿಕೊಂಡ ಹೆಂಗಸರು ಬೂದಿಯ ನಡುವೆ ಕುಳಿತು ದಿನವಿಡೀ ಜರಡಿ ಆಡಿಸುತ್ತಿದ್ದರು. ಕೆಳಗೆ ಬಿದ್ದ ನುಣುಪು ಬೂದಿ ಇಟ್ಟಿಗೆಯ ಮಣ್ಣಿಗೆ ಬೆರಕೆ. ಮೇಲೆ ನಿಂತ ಇದ್ದಿಲಿನ ಚೂರು ಅದೇ ಇಟ್ಟಿಗೆಯನ್ನು ಸುಡಲು ಉರುವಲು. ಗುಡ್ಡೆಯ ಒಡೆಯ ಶ್ರೀಮಂತನಾಗುತ್ತಿದ್ದ. ಡಿಕನ್ಸ್ ಮಹಾಶಯನು 1864-65ರಲ್ಲಿ ಬರೆದ ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯ ಆಸ್ತಿಯೆಲ್ಲ ಇಂಥ ಕಸದ ಗುಡ್ಡೆಗಳಿಂದ ಬಂದುದು. ಜರಡಿ ಹಿಡಿದವರ ಹೆಸರುಗಳು ಮಾತ್ರ ಆ ಬೂದಿಯಲ್ಲಿಯೇ ಉಳಿದವು.

ಮನೆಗಳ ಮಟ್ಟಿಗೆ ಉಪಾಯವೊಂದು ಬಂದಿತು. ಅಮೇರಿಕದ ಚಳಿನಾಡುಗಳಲ್ಲಿ ಮನೆ ಕಾಯಿಸಲು ಕಲ್ಲಿದ್ದಲು ಉರಿಸುತ್ತಿದ್ದವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರಡಿಯನ್ನು ಪೆಟ್ಟಿಗೆಯೊಳಗೆ ಕೂಡಿಸಿ, ಮುಚ್ಚಳ ಹಾಕಿ, ಹೊರಗಿನಿಂದ ಹಿಡಿಕೆ ತಿರುಗಿಸುವ ಬಗೆಬಗೆಯ ಯಂತ್ರಗಳಿಗೆ ಪೇಟೆಂಟು ಪಡೆದರು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿನ ಬರ ಬಂದು 1917ರ ಆಗಸ್ಟಿನಲ್ಲಿ ಅಲ್ಲಿಯ ಸರಕಾರ ಇಂಧನದ ಪ್ರತ್ಯೇಕ ಆಡಳಿತವನ್ನೇ ಸ್ಥಾಪಿಸಿದಾಗ, ಬೂದಿ ಸಾಣಿಸುವುದು ಅಲ್ಲಿಯ ಗೃಹಸ್ಥರಿಗೆ ದೇಶಸೇವೆಯೂ ಆಯಿತು. ಜರಡಿ ಬಲು ಹಳೆಯದು. ಈ ಚರಿತ್ರೆಯಲ್ಲಿ ಹೊಸದಾಗಿ ಸೇರಿದ್ದು ಮುಚ್ಚಳವೊಂದೇ.

ನಮ್ಮ ಮನೆಗೂ ಮುಚ್ಚಳ ಬಂದಿತು, ಆದರೆ ಅಮೇರಿಕದಿಂದಲ್ಲ. ಆಯಿಯ ಕೆಮ್ಮು ಹೆಚ್ಚಾದಾಗ ನನ್ನ ಅವ್ವ ತಗಡಿನ ಕೆಲಸದವನನ್ನು ಕರೆಸಿದಳು. ಆತ ಚಿಮಣಿ ಎಣ್ಣೆಯ ಚೌಕನೆಯ ಡಬ್ಬಿಯೊಂದನ್ನು ತೆಗೆದುಕೊಂಡು, ಅದರೊಳಗೆ ಮೊಳೆಯಿಂದ ಮೈತುಂಬ ತೂತು ಹೊಡೆದ ಡಾಲ್ಡಾ ಡಬ್ಬಿಯನ್ನು ಅಡ್ಡವಾಗಿ ಕಬ್ಬಿಣದ ಸರಳಿಗೆ ಪೋಣಿಸಿದ. ಸರಳಿನ ಒಂದು ತುದಿಯನ್ನು ಬಗ್ಗಿಸಿ ಹಿಡಿಕೆ ಮಾಡಿದ. ಮೇಲೆ ಬಿಗಿಯಾದ ಮುಚ್ಚಳ. ಹಿಂದಿನ ದಿನದ ತಣಿದ ಬೂದಿಯನ್ನು ಒಳಡಬ್ಬಿಗೆ ತುಂಬಿ, ಇಪ್ಪತ್ತು ಸುತ್ತು ತಿರುಗಿಸಿದರೆ ಕೆಲಸ ಮುಗಿಯಿತು. ನಾನು ಆತುರದಿಂದ ಮುಚ್ಚಳಕ್ಕೆ ಕೈಹಾಕಿದರೆ ಅವ್ವ ತಡೆಯುತ್ತಿದ್ದಳು: “ತಗೀಬ್ಯಾಡೋ ತಮ್ಮಾ, ಧೂಳ ಕುಂದರಲಿ. ಚಾ ಕುಡದ ಬಾ, ಆಮ್ಯಾಲ ತಗಿ.”

ಈ ಮಾತಿನ ಹಿಂದೆ ಒಂದು ಶಾಸ್ತ್ರವಿದೆಯೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮೇಹ್ಯೂವಿನ ಗ್ರಂಥ ಬಂದ 1851ರಲ್ಲಿಯೇ ಸ್ಟೋಕ್ಸ್ ಎಂಬ ಗಣಿತಜ್ಞನು, ದ್ರವದಲ್ಲಾಗಲಿ ಗಾಳಿಯಲ್ಲಾಗಲಿ ಸಣ್ಣ ಕಣವು ಎಷ್ಟು ಮೆಲ್ಲಗೆ ಇಳಿಯುವುದೆಂಬ ಲೆಕ್ಕಕ್ಕೆ ಆಧಾರವಾದ ನಿಯಮವನ್ನು ಪ್ರಕಟಿಸಿದನು. ಅದರಂತೆ ಕಣದ ದಪ್ಪ ಅರ್ಧವಾದರೆ ಇಳಿಯುವ ಕಾಲ ನಾಲ್ಕು ಪಟ್ಟು. ಕಾಲುಭಾಗವಾದರೆ ಹದಿನಾರು ಪಟ್ಟು. ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲು ದಪ್ಪವಿರುವ ಕಣ ನಿಶ್ಚಲವಾದ ಗಾಳಿಯಲ್ಲಿ ಒಂದು ಅಡಿ ಇಳಿಯಲು ಸುಮಾರು ಒಂದೆರಡು ನಿಮಿಷ ಸಾಕು. ಅದರ ಕಾಲುಭಾಗದಷ್ಟಿರುವ ಕಣಕ್ಕೆ ಕಾಲು ಗಂಟೆಯಿಂದ ಅರ್ಧ ಗಂಟೆ ಬೇಕು. ಎದೆಗೂಡಿನ ಆಳಕ್ಕೆ ಇಳಿಯುವುದು ಈ ಸಣ್ಣ ಕಣವೇ. ಅವ್ವನ ಒಂದು ಚಹಾ ಅದಕ್ಕೆ ಸರಿಯಾದ ಅಳತೆಯಾಗಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಖಾನಾವಳಿಯ ಹಿಂದೆ ಬೂದಿಯ ರಾಶಿ ಇತ್ತಷ್ಟೆ. ಅಲ್ಲಿಗೆ ದಿನವೂ ಒಬ್ಬ ಮುದುಕಿ ಬರುತ್ತಿದ್ದಳು. ತಂತಿಯ ಸಾಣಿಗೆಯೊಂದನ್ನು ತಂದು, ರಾಶಿಯನ್ನೇ ಕೆದರಿ, ಅರೆಬೆಂದ ಕಲ್ಲಿದ್ದಲನ್ನು ಬುಟ್ಟಿಗೆ ತುಂಬಿಕೊಂಡು ಹೋಗುವಳು. ಅದರಲ್ಲಿ ಕೆಲವನ್ನು ತನ್ನ ಒಲೆಗೆ ಇಟ್ಟುಕೊಂಡು ಉಳಿದುದನ್ನು ಮಾರುವಳು. ಒಂದು ದಿನ ಅವ್ವ ಆಕೆಯನ್ನು ಹಿತ್ತಲಿಗೆ ಕರೆದು, ನಮ್ಮ ಪೆಟ್ಟಿಗೆಯನ್ನು ತೋರಿಸಿ, ಬೇಕಾದರೆ ಇಲ್ಲಿಯೇ ಕುಳಿತು ಸಾಣಿಸಿಕೋ ಎಂದಳು. ಮುದುಕಿ ಹಿಡಿಕೆಯನ್ನು ಎರಡು ಸುತ್ತು ತಿರುಗಿಸಿ ನೋಡಿ ನಕ್ಕು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: “ಚಲೋ ಐತಿ ಅವ್ವಾ. ಖರೆ, ಇದರಾಗ ಒಂದ ಬುಟ್ಟಿ ಹಸನ ಮಾಡೂದ್ರಾಗ ಹೊತ್ತ ಮುಳಗತೈತಿ. ನಾ ಸಂಜಿಗೆ ರೊಟ್ಟಿ ಮಾಡಬೇಕಲ್ಲ.” ಬುಟ್ಟಿ ಹೊತ್ತು ಆಕೆ ಮತ್ತೆ ರಾಶಿಗೇ ಹೋದಳು. ಅವ್ವ ಬಹಳ ಹೊತ್ತು ಮಾತಾಡಲಿಲ್ಲ.

ಪೆಟ್ಟಿಗೆಯ ಬೆಲೆ ತಗಡಿನದಲ್ಲ, ಕಾಯುವ ಹೊತ್ತಿನದು ಎಂಬುದನ್ನು ಆ ಮುದುಕಿ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು. ಚಹಾ ಕುಡಿಯುವಷ್ಟು ಪುರುಸೊತ್ತು ಇದ್ದವರಿಗೆ ಮುಚ್ಚಳ. ಬುಟ್ಟಿಯ ಲೆಕ್ಕದಲ್ಲಿ ಬದುಕುವವರಿಗೆ ಬರಿಯ ಸಾಣಿಗೆ. ಲಂಡನ್ನಿನ ಬೂದಿಯಂಗಳದಲ್ಲಿಯೂ ಇದೇ ಆಗಿತ್ತು: ಮನೆಯೊಳಗೆ ಮುಚ್ಚಳ ಹೊಕ್ಕರೂ ಗುಡ್ಡೆಯ ಬಳಿಗೆ ಅದು ಸುಲಭವಾಗಿ ಹೋಗಲಿಲ್ಲ.

ಹಾಗಾದರೆ ಸಾಣಿಸುವ ಕೆಲಸವೇ ಬೇಡವಾಗುವಂತೆ, ಒಲೆಯಲ್ಲಿಯೇ ಎಲ್ಲವನ್ನೂ ಉರಿಸಿಬಿಡಬಾರದೇ? ಈ ಯೋಚನೆಯನ್ನೂ ನಮ್ಮವರು ಮಾಡಿದರು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಡಾ. ಎಸ್. ಪಿ. ರಾಜು ಅವರು 1953ರಲ್ಲಿ ಹೊಗೆಯಿಲ್ಲದ ಅಡಿಗೆಮನೆಯನ್ನು ಕುರಿತು ಪುಸ್ತಕವನ್ನೇ ಬರೆದು ಹೊಗೆಗೊಳವೆಯ ಒಲೆಯನ್ನು ಜನರಿಗೆ ಪರಿಚಯಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಕೇಂದ್ರದಿಂದ ಅಸ್ತ್ರ ಒಲೆ ಬಂದಿತು. ಅದರ ಗುಟ್ಟುಗಳಲ್ಲಿ ಒಂದು ಕಟ್ಟಿಗೆಯ ಕೆಳಗಿನ ಜಾಳಿಗೆ. ಬೂದಿ ತಾನಾಗಿ ಕೆಳಗೆ ಉದುರುತ್ತದೆ, ಗಾಳಿ ಕೆಳಗಿನಿಂದ ಮೇಲೇರುತ್ತದೆ, ಒಲೆಯೇ ಸಾಣಿಗೆಯಾಗುತ್ತದೆ. ಆಮೇಲೆ ಅನಿಲದ ಒಲೆ ಮನೆಮನೆಗೆ ಬಂದು ಬೂದಿಯ ಪ್ರಶ್ನೆಯನ್ನೇ ಅಡಿಗೆಮನೆಯಿಂದ ಹೊರಗೆ ಹಾಕಿತು. ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಸಿಕ್ಕಿ ಜನರು ಪುನರ್ವಸತಿಯ ಮನೆಗಳಿಗೆ ಹೋದಾಗ ಹಳೆಯ ಒಲೆಗಳೂ ನೀರಿನ ಪಾಲಾದವು.

ಪ್ರಶ್ನೆ ಹೊರಗೆ ಹೋಯಿತು, ಆದರೆ ಇಲ್ಲವಾಗಲಿಲ್ಲ. ಕೃಷ್ಣೆಯ ಆಚೆ ದಂಡೆಯ ವಿಜಾಪುರ ಜಿಲ್ಲೆಯ ಕೂಡಗಿಯಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತು ತಯಾರಿಸುವ ಸ್ಥಾವರವಿದೆ. 800 ಮೆಗಾವಾಟಿನ ಮೂರು ಘಟಕಗಳು 2018ರ ಹೊತ್ತಿಗೆ ಪೂರ್ಣವಾದವು. ಅಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಬೀಸಿ ಉರಿಸುತ್ತಾರೆ. ಹಾರುವ ಬೂದಿಯನ್ನು ವಿದ್ಯುತ್ತಿನ ಸೆಳೆತದಿಂದ ಹಿಡಿಯುತ್ತಾರೆ. ಇಂಥ ಬೂದಿಯನ್ನು ಸಿಮೆಂಟಿನಲ್ಲಿ ಬೆರೆಸುವುದುಂಟು. ಬೂದಿ ಬೆರೆತ ಪೊಜೊಲಾನಾ ಸಿಮೆಂಟಿನಲ್ಲಿ ಅದು ನೂರಕ್ಕೆ 15ರಿಂದ 35 ಪಾಲಿನವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಬೆರೆಸುವ ಮುನ್ನ ಬೂದಿಯನ್ನು ಕಾಯಿಸಿ, ಎಷ್ಟು ತೂಕ ಸುಟ್ಟು ಹೋಯಿತೆಂದು ನೋಡುತ್ತಾರೆ. ಆ ನಷ್ಟ ನೂರಕ್ಕೆ 5 ಪಾಲನ್ನು ಮೀರಕೂಡದು. ಏಕೆಂದರೆ ಸುಟ್ಟು ಹೋಗುವುದರಲ್ಲಿ ಬಹುಪಾಲು ಉರಿಯದೆ ಉಳಿದ ಇದ್ದಿಲೇ. ವಾಚಕರೇ, ಬೂದಿಯಲ್ಲಿ ಇದ್ದಿಲು ಎಷ್ಟು ಉಳಿಯಿತು, ಧೂಳು ಎಲ್ಲಿಗೆ ಹೋಯಿತು ಎಂದು ನನ್ನ ಆಯಿ ಹಿತ್ತಲಲ್ಲಿ ಗಾಳಿಯ ದಿಕ್ಕು ನೋಡುತ್ತ ಕೇಳಿಕೊಳ್ಳುತ್ತಿದ್ದ ಎರಡು ಪ್ರಶ್ನೆಗಳೇ ಇಂದು ಪ್ರಯೋಗಶಾಲೆ ಸೇರಿವೆ. ನಮ್ಮ ಅಡಿಗೆಮನೆ ಬೆಳ್ಳಗಾಗಿದೆ. ನಮ್ಮ ದೀಪದ, ಪಂಖದ ಬೂದಿಯನ್ನು ಬೇರೊಬ್ಬರ ಊರು ಕಾಯುತ್ತಿದೆ.

ಪೆಟ್ಟಿಗೆಯನ್ನು ವರ್ಗದಲ್ಲಿ ಇಟ್ಟು, ತಂದಿದ್ದ ಒಂದು ಸೇರು ಬೂದಿಯನ್ನು ತುಂಬಿ, ಪ್ರಶ್ನೆ ಕೇಳಿದ ಹುಡುಗಿಯ ಕೈಗೇ ಹಿಡಿಕೆ ಕೊಟ್ಟೆ. ಆಕೆ ತಿರುಗಿಸಿದಳು. ಉಳಿದ ಮಕ್ಕಳು ಮುಚ್ಚಳ ತೆಗೆಯಲು ನುಗ್ಗಿದರು. ನಾನು ಅವ್ವನ ಮಾತನ್ನೇ ಹೇಳಿ ಪಾಠ ಮುಂದುವರಿಸಿದೆ. ಗಂಟೆ ಬಾರಿಸುವ ಹೊತ್ತಿಗೆ ಮುಚ್ಚಳ ತೆಗೆದಾಗ ಒಂದಿಷ್ಟೂ ಧೂಳು ಏಳಲಿಲ್ಲ. ಒಳಡಬ್ಬಿಯಲ್ಲಿ ಒಂದು ಹಿಡಿ ಕರಿಯ ಇದ್ದಿಲು ಕುಳಿತಿತ್ತು.

ತಮ್ಮ ಮನೆಯ ಅಟ್ಟದಲ್ಲಿಯೂ ಇಂಥ ಡಬ್ಬಿಯೋ ತಂತಿಯ ಸಾಣಿಗೆಯೋ ಇದ್ದೀತು. ಹಳೆಯ ಸಾಮಾನಿನವನಿಗೆ ಹಾಕುವ ಮುನ್ನ ಮನೆಯ ಹಿರಿಯರನ್ನು ಒಮ್ಮೆ ಕೇಳಿರಿ: ಅದನ್ನು ಯಾರು ಆಡಿಸುತ್ತಿದ್ದರು, ಯಾವ ಹೊತ್ತಿನಲ್ಲಿ, ಗಾಳಿಗೆ ಯಾವ ಕಡೆ ಬೆನ್ನು ಮಾಡಿ? ಉತ್ತರ ಸಿಕ್ಕರೆ ಬರೆದಿಡಿರಿ.